ಕೆರೆಯಂಗಳದ ಬದು

ಕಡೂರು
೧೪-೬-೧೯೮೭

ತೀರ್ಥರೂಪು ಅಪ್ಪಾಜಿಯವರಿಗೆ ಮಗಳು ಮಲ್ಲಿಕಾಂಬಳ ನಮಸ್ಕಾರಗಳು.

ಎಂ.ಎಸ್ಸಿ.ಗೆ ಧಾರವಾಡವನ್ನೇ ಆರಿಸಿಕೊಂಡೆ. ವಿಷಯ, ನೆಲ ಜಲ ಸಂರಕ್ಷಣೆ. ಡೆಹರಾಡೂನಿನ ದೊಡ್ಡ ಸಂಸ್ಥೆಯ ಫಾರಂ ಹರಿದುಹಾಕಿದೆ. "ಓದೋದಾದ್ರೆ ದೊಡ್ಡ ಕಡೆ ಓದು ಕಣೇ, ಕೆರೆಯಂಗಳದ ಕಡಲೆ ಐತಲ್ಲ, ಫೀಜು ನಾನ್ ಕಟ್ತೀನಿ" ಅಂದಿರಿ. ಆ ಕಡಲೆಯ ದುಡ್ಡಿನಲ್ಲಿ ಕೆರೆ ಉಳಿಸುವ ಪಾಠ ಓದಲು ನನಗೆ ಮನಸ್ಸು ಬರಲಿಲ್ಲ. ಧಾರವಾಡದಲ್ಲಿ ಫೀಸು ಕಡಿಮೆ. ಸ್ಕಾಲರ್‌ಶಿಪ್ಪಿನಲ್ಲೇ ಹಾಸ್ಟೆಲ್ ಖರ್ಚು ಕಳೆಯುತ್ತದೆ.

ನೀವು ವರ್ಷವರ್ಷವೂ ನಮ್ಮ ಹೊಲದ ಬದುವನ್ನು ಕೆರೆಯ ಒಳಕ್ಕೆ ಒತ್ತಿ ಹಾಕುವಾಗ ಬುತ್ತಿ ತಂದವಳು ನಾನೇ. ಅಲ್ಲಿನ ಹಸಿಗಡಲೆ ಸುಟ್ಟು ತಿಂದವಳೂ ನಾನೇ. ಆಗ ಬದುವಿನ ಪಕ್ಕದಲ್ಲೇ ನೀರಿತ್ತು. ಈಗ ದನಗಳು ನೀರು ಹುಡುಕಿಕೊಂಡು ಮೈಲಿಗಟ್ಟಲೆ ನಡೆಯುತ್ತವೆ.

ಕಡೂರಿನ ಸಂತೆಗೆ ಬರುವವರ ಕೈಲಿ ನನ್ನ ಹಳೇ ಟ್ರಂಕು, ಒಂದು ಕಂಬಳಿ ಕಳಿಸಿಕೊಡಿ. ಅವ್ವನಿಗೆ ಅಳಬೇಡ ಅನ್ನಿ.

ಸಂದರ್ಶನದಲ್ಲಿ, ಯಾವ ಕೆರೆ ಅಳೆದು ಪ್ರಬಂಧ ಬರೆಯುತ್ತೀ ಎಂದು ಕೇಳಿದರು. ನಮ್ಮೂರ ಕೆರೆ ಅಂದೆ. ಬರುವ ಬೇಸಿಗೆಗೆ ಸರ್ವೆ ಚೈನು ಹಿಡಿದು ಬರುತ್ತೇನೆ. ಅಷ್ಟರಲ್ಲಿ ನಮ್ಮ ಬದು ಹಿಂದಕ್ಕೆ ಸರಿದಿದ್ದರೆ, ಆವತ್ತು ನನಗೆ ಬುತ್ತಿ ನೀವು ತನ್ನಿ. ಸರಿಯದಿದ್ದರೂ ಅಳೆಯುತ್ತೇನೆ.

ನಿಮ್ಮ ಮಗಳು,
ಮಲ್ಲಿಕಾಂಬ