ನರ್ಸುಗಳ ಕಾಲಿಗೆ ನೀವು ತೊಡಿಸಿದ ಶಿಸ್ತು

ಬಳ್ಳಾರಿಯ ನಮ್ಮ ಆಸ್ಪತ್ರೆಯ ಮೇಲಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ನರ್ಸುಗಳೆಲ್ಲ ಮದರಾಸಿನಿಂದ ತರಿಸಿದ ಚೂಪು ಮೂತಿಯ, ಎತ್ತರ ಹಿಮ್ಮಡಿಯ ಬೂಟುಗಳನ್ನೇ ತೊಡಬೇಕೆಂಬ ತಮ್ಮ ಹುಕುಮಿನಿಂದ ಒಬ್ಬಾಕೆಯ ಕಾಲು ಸುಟ್ಟಿದೆ, ಇನ್ನೊಬ್ಬಾಕೆಯ ಕೆಲಸ ಹೋಗಿದೆ. ತಮ್ಮ ಕುರ್ಚಿಯಿಂದ ಇದು ಕಾಣಿಸದಿರಬಹುದು. ನಾನು ಮಲಗಿದ್ದ ಮಂಚದಿಂದ ಚೆನ್ನಾಗಿಯೇ ಕಂಡಿತು.

ಸಿರುಗುಪ್ಪದಲ್ಲಿ ಗಾಡಿಯಿಂದ ಬಿದ್ದು ತೊಡೆ ಮುರಿದುಕೊಂಡ ನಾನು ಈ ಬೇಸಿಗೆಯನ್ನು ತಮ್ಮ ವಾರ್ಡಿನಲ್ಲೇ ಕಳೆದೆ. ಆ ಬೂಟುಗಳ ಸದ್ದು ಕೇಳಿದರೆ ಪೊಲೀಸರ ಕವಾಯತೇ ಬಂತೆನ್ನಿಸುತ್ತಿತ್ತು. ಶಿಸ್ತೆಂದರೆ ಹೀಗಿರಬೇಕು! ನಿದ್ದೆ ಹತ್ತಿದ ರೋಗಿಯೂ ಎದ್ದು ಕೂರಬೇಕು! ಆದರೆ ಸಂಜೆ ಕೆಲಸ ಮುಗಿಸಿದ ನರ್ಸುಗಳು ಗೋಡೆ ಹಿಡಿದುಕೊಂಡು ಹೋಗುವುದನ್ನು ತಾವು ನೋಡಿದ್ದೀರಾ? ದೇಶಕ್ಕೆ ಸ್ವಾತಂತ್ರ್ಯ ಬಂದಿದೆ. ನರ್ಸುಗಳ ಕಾಲ್ಬೆರಳಿಗೆ ಇನ್ನೂ ಬಂದಿಲ್ಲ.

ತೆಕ್ಕಲಕೋಟೆಯ ನರ್ಸು ಜಡೆಮ್ಮನವರು ಇದಕ್ಕೊಂದು ದಾರಿ ಕಂಡುಕೊಂಡರು. ದಿನವೆಲ್ಲ ನಿಂತು ಪಾದ ಊದಿಕೊಂಡಿದ್ದಾಗಲೇ ಕೌಲ್ ಬಜಾರಿನಲ್ಲಿ ಜೋಡು ಹೊಲಿಯುವವನ ಬಳಿ ಹೋಗಿ ಬೇರೆ ಬೂಟಿಗೆ ಅಳತೆ ಕೊಟ್ಟರು. ಬೆರಳು ಆಡಿಸಲು ಅಗಲವಾದ ಮುಂಭಾಗ, ತಗ್ಗು ಹಿಮ್ಮಡಿ, ಜಾರದಂತೆ ಅಟ್ಟೆಗೆ ಮೋಟಾರಿನ ಹಳೇ ಟೈರು. ಅಷ್ಟೇ ಅವರ ಅಪರಾಧ. ಮರುವಾರ ತಾವು ತಪಾಸಣೆಗೆ ಬಂದಾಗ ನನ್ನ ಮಂಚದ ಪಕ್ಕದಲ್ಲೇ ಕೇಳಿದಿರಿ:

“ಏನಿದು, ಗದ್ದೆಗೆ ಹೊರಟಿದ್ದೀಯಾ?”

“ಇಲ್ರಿ ಸಾಹೇಬ್ರ. ಇವು ಹಾಕ್ಕೊಂಡ್ರ ಕಾಲು ನೋಯಂಗಿಲ್ರಿ. ಯಾರಾರ ಕರದ್ರ ಓಡಾಕ ಬರ್ತೈತ್ರಿ.”

“ನರ್ಸು ಓಡಬಾರದು. ಗಂಭೀರವಾಗಿ ನಡೆಯಬೇಕು.”

“ರೋಗಿ ಜೀವ ಗಂಭೀರಾಗಿ ನಡಕೋಂತ ಹೋಗಂಗಿಲ್ರಿ, ಸಾಹೇಬ್ರ.”

ವಾರ್ಡಿಗೆ ವಾರ್ಡೇ ನಕ್ಕಿತು. ತಾವು ನಗಲಿಲ್ಲ. ಅಂದೇ ಜಡೆಮ್ಮನವರನ್ನು ಮನೆಗೆ ಕಳಿಸಿದಿರಿ.

ಅವರ ಪಾಲಿನ ಕೆಲಸವೂ ಪಾರಮ್ಮನೆಂಬ ಎಳೆಯ ನರ್ಸಿನ ಮೇಲೆ ಬಿತ್ತು. ಆಕೆ ತಮ್ಮ ಶಿಸ್ತಿನ ಬೂಟಿನಲ್ಲೇ ಕುದಿನೀರಿನ ಬೇಸಿನ್ ಹೊತ್ತು ಬರುತ್ತಿದ್ದಾಗ, ಫಿನಾಯಿಲು ಹಾಕಿ ಒರೆಸಿದ್ದ ನೆಲದಲ್ಲಿ ಹಿಮ್ಮಡಿ ಜಾರಿತು. ನೀರೆಲ್ಲ ಬೂಟಿನೊಳಗಿಳಿಯಿತು. ಊದಿದ ಪಾದದಿಂದ ಬೂಟು ಕಳಚದೆ ಕತ್ತರಿಸಿ ತೆಗೆಯಬೇಕಾಯಿತು. ನಾನು ಮಂಚದ ಮೇಲೆ ಕಾಲು ಕಟ್ಟಿಸಿಕೊಂಡು ಬರೀ ಕೂಗುತ್ತಿದ್ದೆ. ಬೂಟು ಹಾಳಾದದ್ದಕ್ಕೆ ತಾವು ಆಕೆಯಿಂದ ಸಮಜಾಯಿಷಿ ಕೇಳಿದಿರಿ. ಸುಟ್ಟ ಚರ್ಮಕ್ಕೆ ಸಮಜಾಯಿಷಿ ಯಾರನ್ನು ಕೇಳೋಣ?

ಸುದ್ದಿ ತಿಳಿದು ಓಡಿಬಂದವರು ಜಡೆಮ್ಮನವರೇ. ಕೆಲಸ ಕಳೆದುಕೊಂಡವರು ಗೆಳತಿಯ ಗಾಯ ತೊಳೆದರು, ಗಂಜಿ ಕುಡಿಸಿದರು. ಅವರು ಒಳಗೆ ಬರುವಾಗ ಬಾಗಿಲ ಜವಾನ ಹೊನ್ನೂರಪ್ಪ ತಡೆದು, “ಸಾಹೇಬ್ರು ನೋಡಿದ್ರ ನನ್ನ ಬೈತಾರಕ್ಕ” ಎಂದ.

“ಕೆಲಸಾನ ಇಲ್ಲ, ಇನ್ನೇನು ಕಿತ್ಕೋತಾರ? ನೀ ಆಚೆ ಸರೀಲೇ,” ಎಂದರು ಜಡೆಮ್ಮ.

ಪಾರಮ್ಮನ ಗಾಯ ಮಾಯುತ್ತಿದೆ. ಆದರೆ ಬೂಟಿನ ಸದ್ದು ಕೇಳಿದರೆ ಆಕೆ ಈಗಲೂ ಕಾಲು ಒಳಗೆಳೆದುಕೊಳ್ಳುತ್ತಾಳೆ.

ಆದ್ದರಿಂದ ಜಡೆಮ್ಮನವರನ್ನು ಗೌರವದಿಂದ ಮತ್ತೆ ಕೆಲಸಕ್ಕೆ ಕರೆಯಿರಿ. ಪಾದರಕ್ಷೆ ಆರಿಸುವ ಹಕ್ಕನ್ನು ಪಾದ ಇರುವವರಿಗೇ ಬಿಡಿ. ಇದು ಶಿಸ್ತಿಗೆ ಭಂಗವೆನ್ನುವುದಾದರೆ, ಅದೇ ಬೂಟು ತೊಟ್ಟು ಒಂದು ದಿನ ತಾವೇ ಬೇಸಿನ್ ಹೊತ್ತು ವಾರ್ಡಿನಲ್ಲಿ ಓಡಾಡಿ ತೋರಿಸಿ. ತಣ್ಣೀರೇ ಸಾಕು, ನಾವು ಅಷ್ಟು ಕಠಿಣರಲ್ಲ.

ಇಂತಿ,
ನರ್ಸುಗಳ ದಯೆಯಿಂದ ಎರಡು ಕಾಲ ಮೇಲೆ ಮನೆಗೆ ಹೋದ,
ಸಿರುಗುಪ್ಪದ ಚಂದ್ರಣ್ಣ