ಕತ್ತರಿಸಿ ಎಸೆದ ಮೌನ

ಧಾರವಾಡ
ಫೆಬ್ರವರಿ 30, 2194

ಮಾತು ಮತ್ತು ಶ್ರವಣ ವಿಭಾಗದ ಎರಡನೆಯ ವರ್ಷದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಕ್ಯಾಲೆಂಡರ್ ತಿದ್ದಿದವರಿಗೆ ಆ ತಿಂಗಳ ಮೇಲೆ ಕನಿಕರ ಬಂತಂತೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನಿಮ್ಮ ಕಾಲದ ರೆಕಾರ್ಡಿಂಗುಗಳನ್ನು ಕೇಳಿ ಕೇಳಿ, ಆದಷ್ಟು ನಿಮ್ಮ ಹಾಗೆಯೇ ಬರೆಯಲು ನೋಡಿದ್ದೇನೆ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ಭೌತಶಾಸ್ತ್ರ ವಿಭಾಗದವರು ಒಂದು ಪೆಟ್ಟಿಗೆ ತೋರಿಸಿ, ಇದರಲ್ಲಿ ಹಾಕಿ ಹೋಗಿ ಸರ್ ಎಂದರು. ಮುಟ್ಟಿದರೆ ಮುಟ್ಟೀತು. ಜಗಳಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ.

ನಾನು ಈರಣ್ಣ ಕರಡಿಗುಡ್ಡ. ನೀವು ಈಗ ಕೂತು ಪಾಠ ಕೇಳುತ್ತಿರುವ ವಿಭಾಗದಲ್ಲೇ ಇಪ್ಪತ್ತಾರು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನಿಮ್ಮ ತರಗತಿಯಲ್ಲಿ ಇಪ್ಪತ್ತೆರಡು ಮಂದಿ ಇದ್ದಿರಿ ಎಂದು ಹಳೆಯ ಹಾಜರಿ ಪುಸ್ತಕ ಹೇಳುತ್ತದೆ. ನನಗೆ ಇರುವುದು ಒಬ್ಬಳೇ ವಿದ್ಯಾರ್ಥಿನಿ, ಮುಬೀನಾ. ಅವಳಿಗೆ ಜ್ವರ ಬಂದರೆ ವಿಭಾಗಕ್ಕೇ ರಜೆ.

ಜನ ಈ ಓದಿಗೆ ಯಾಕೆ ಬರುತ್ತಿಲ್ಲ ಎಂದರೆ, ನಮ್ಮಲ್ಲಿ ಎಲ್ಲರ ಕಿವಿಯಲ್ಲೂ ಕಿವಿಕಾಳು, ಎಲ್ಲರ ಕೊರಳಲ್ಲೂ ಒದಗುಪಟ್ಟಿ. ಕಿವಿಕಾಳು ಎಳ್ಳಿನಷ್ಟು ದೊಡ್ಡದು, ಕೇಳಬೇಕಾದ್ದನ್ನು ಹೆಚ್ಚಿಸಿ ಬೇಡದ್ದನ್ನು ಅಳಿಸುತ್ತದೆ. ನೀವು ಶ್ರವಣ ಪರೀಕ್ಷೆ ಮಾಡುವ ಆ ಸದ್ದಿಲ್ಲದ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳಿವೆ. ಮುಬೀನಾ ಅಲ್ಲಿ ಕೂತು ಊಟ ಮಾಡುತ್ತಾಳೆ. ಖಡಕ್ ರೊಟ್ಟಿ ಮುರಿದರೆ ಅವಳಿಗೇ ಗಾಬರಿಯಾಗುವಷ್ಟು ಸದ್ದಾಗುತ್ತದಂತೆ. ಒದಗುಪಟ್ಟಿ ಎಂದರೆ ಕೊರಳಿಗೆ ಕಟ್ಟುವ ಬೆರಳಗಲದ ಪಟ್ಟಿ. ನೀವು ಬಾಯಿ ತೆರೆದರೆ ಸಾಕು, ಮಿಕ್ಕದ್ದನ್ನು ನಿಮ್ಮದೇ ದನಿಯಲ್ಲಿ ಅದು ಒದಗಿಸುತ್ತದೆ. ಮಕ್ಕಳಿಗೆ ಮೂರು ತುಂಬುವಾಗಲೇ ಕಟ್ಟುತ್ತಾರೆ, ಹೀಗಾಗಿ ಉಗ್ಗುವವರು ಇಲ್ಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿಯೂ ಮೂರು ಮಾತಿನಲ್ಲಿ ಮುಗಿಯುತ್ತದೆ. ಬೀಗರು ಜಗಳ ಮಾಡಿದರೂ ಸನ್ಮಾನ ಪತ್ರ ಓದಿದ ಹಾಗಿರುತ್ತದೆ. ಹೆಸರು ನೆನಪಾಗದೆ ಹಣೆ ತಟ್ಟಿಕೊಳ್ಳುವವರನ್ನು ನಾನು ಕೊನೆಯ ಬಾರಿ ನೋಡಿದ್ದು ಯಾವಾಗಲೋ. ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಬಹಳ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ನನಗೆ ಈ ವಿದ್ಯೆ ಕಲಿಸಿದವರು ಅಂಬುಜಾ ಮುಗದ. ನಾವೆಲ್ಲ ಅಕ್ಕೋರು ಎನ್ನುತ್ತೇವೆ. ಪಟ್ಟಿ ಇನ್ನೂ ಎಲ್ಲರ ಕೊರಳಿಗೆ ಬರುವ ಮುಂಚೆ ಅವರ ಕ್ಲಿನಿಕ್ಕಿನಲ್ಲಿ ಒಂದು ಪದ್ಧತಿ ಇತ್ತು. ಲಕ್ವಾ ಹೊಡೆದು ಮಾತು ಹೋದವರ ಎದುರು ಕೂತಾಗ, ಪ್ರಶ್ನೆ ಕೇಳಿದ ಮೇಲೆ ನಾವು ಬಾಯಿ ಬಿಡುವ ಹಾಗಿಲ್ಲ. ಮೇಜಿನ ಕೆಳಗೆ ಮೊಣಕಾಲ ಮೇಲೆ ಬೆರಳು ತಟ್ಟುತ್ತ ಎಣಿಸಬೇಕು. ಅರವತ್ತಾಗಲಿ, ನೂರಾಗಲಿ. ಹಾಗೂ ಬರದಿದ್ದರೆ ಮಾತ್ರ ಬೇಕಾದ ಪದದ ಮೊದಲ ಅಕ್ಷರ ಕೊಡಬಹುದು. ‘ನೀ’ ಎಂದು ನಾವು ತುಟಿ ತೋರಿಸಿದರೆ ಅವರು ‘ನೀರು’ ಎನ್ನುತ್ತಾರೆ, ನಿಮಗೆ ಇದು ಗೊತ್ತಿದ್ದದ್ದೇ. “ಅಕ್ಷರಾ ಕೊಡೂದು ಕಡೀ ಔಷಧ. ಮೊದ್ಲು ತಡಿ,” ಎನ್ನುತ್ತಿದ್ದರು ಅಕ್ಕೋರು. ಬೇಕೋ ಬೇಡವೋ ಎಂದು ಕೇಳುವಾಗ ಅಕ್ಷರ ಕೊಡುವುದಂತೂ ಪಾಪ. ಯಾಕೆಂದರೆ ಅಂಥವರ ಬಾಯಿ, ಕೊಟ್ಟ ಅಕ್ಷರವನ್ನು ಹಿಡಿದು ತಾನಾಗಿಯೇ ಓಡುತ್ತದೆ. ಮನಸ್ಸು ಹಿಂದೆಯೇ ಉಳಿಯುತ್ತದೆ.

ಹೋದ ವರ್ಷ ಯುಗಾದಿಯ ಹೊತ್ತಿಗೆ ಅಕ್ಕೋರಿಗೇ ಲಕ್ವಾ ಹೊಡೆಯಿತು. ಎಪ್ಪತ್ತೊಂದು ವಯಸ್ಸು. ಬಲಗೈ ಬಿತ್ತು, ಮಾತು ಹೋಯಿತು, ತಿಳಿವು ಮಾತ್ರ ಪೂರಾ ಉಳಿಯಿತು. ಕೊರಳಿನ ಪಟ್ಟಿ ಅವರ ಪರವಾಗಿ ಮಾತಾಡತೊಡಗಿತು. ಊಟ ಚೆನ್ನಾಗಿದೆ, ನಾನು ಆರಾಮಾಗಿದ್ದೇನೆ, ಬಂದದ್ದು ಬಹಳ ಸಂತೋಷ. ಇಂಥ ಮಾತನ್ನು ಜನ್ಮದಲ್ಲಿ ಆಡಿದವರಲ್ಲ ಅವರು. ಊಟ ಚೆನ್ನಾಗಿಲ್ಲದಿದ್ದರೆ ಅಡುಗೆಯವನನ್ನು ಕರೆಸುವ ಪೈಕಿ.

ಅವರನ್ನು ನೋಡಿಕೊಳ್ಳುವ ಅಣ್ಣನ ಮಗ ವಿನೋದ ಕೆಟ್ಟವನಲ್ಲ. ವೈದ್ಯರು ಒಳಪಟ್ಟಿ ಹಾಕಿಸೋಣ ಎಂದಾಗ ಒಪ್ಪಿದ. ಒಳಪಟ್ಟಿ ಎಂದರೆ ಅದೇ ಪಟ್ಟಿಯನ್ನು ಗಂಟಲೊಳಗೆ ಕೂರಿಸುವ ಆಪರೇಷನ್ನು. ಕೂರಿಸಿದ ಮೇಲೆ ಸ್ವಂತ ದನಿ ಶಾಶ್ವತವಾಗಿ ನಿಂತುಹೋಗುತ್ತದೆ. ಅದಕ್ಕೇ ಕಾನೂನು ಹೇಳುತ್ತದೆ: ಪಟ್ಟಿ ಬಿಚ್ಚಿಟ್ಟು, ಮಾತಿನ ತಜ್ಞರೊಬ್ಬರ ಎದುರು, ರೋಗಿ ತಾನೇ ಬಾಯಿಬಿಟ್ಟು ಒಪ್ಪಬೇಕು. ತಲೆ ಅಲ್ಲಾಡಿಸಿದರೆ ನಡೆಯದು, ಇಂಥವರಲ್ಲಿ ಹೌದೂ ಅಲ್ಲವೂ ಕೆಲವೊಮ್ಮೆ ಅದಲುಬದಲಾಗುತ್ತವೆ. ಧಾರವಾಡದಲ್ಲಿ ಉಳಿದಿರುವ ತಜ್ಞ ನಾನೊಬ್ಬನೇ.

ಪಟ್ಟಿ ಬಿಚ್ಚಿದೆ. ಪ್ರಶ್ನೆ ಕೇಳಿದೆ. ಬೆರಳು ತಟ್ಟುತ್ತ ಎಣಿಸಿದೆ. ಅಕ್ಕೋರ ತುಟಿ ಅದುರಿತು, ಹಣೆಯ ಮೇಲೆ ಬೆವರು ಬಂತು, ಮಾತು ಬರಲಿಲ್ಲ. “ಸರ, ಹೊರಗ ಇನ್ನೂ ನಾಕ ಮಂದಿ ಕುಂತಾರ್ರೀ,” ಎಂದರು ವೈದ್ಯರು. “ಅತ್ತಿ, ಒಂದ ಮಾತು ಅಂದ್ಬಿಡು,” ಎಂದ ವಿನೋದ. ಸಾವಿರಾರು ಜನರಿಗೆ ಮಾತು ಕೊಟ್ಟ ಹೆಂಗಸು ಒಂದು ಪದಕ್ಕಾಗಿ ಹಾಗೆ ಒದ್ದಾಡುವುದನ್ನು ನನ್ನಿಂದ ನೋಡಲಾಗಲಿಲ್ಲ. ಅವರ ಬಗ್ಗೆ ಕನಿಕರ ಬಂತು, ನಾಚಿಕೆಯೂ ಆಯಿತು. ಎಣಿಕೆ ಎಂಟಕ್ಕೆ ಬಂದಿತ್ತು. ಇಷ್ಟು ದಣಿದವರು ಇನ್ನೇನು ಹೇಳಿಯಾರು ಎಂದುಕೊಂಡು ನಾನು ಬಾಯಿ ತೆರೆದು ‘ಆ’ ಎಂದೆ.

“ಆಗಲಿ,” ಎಂದರು ಅಕ್ಕೋರು.

ಅಂದ ಮರುಕ್ಷಣ ನನ್ನನ್ನೇ ನೋಡಿದರು. ಮೊದಲ ವರ್ಷ ರೋಗಿಯ ಮಾತನ್ನು ನಾನು ಮಧ್ಯದಲ್ಲೇ ಮುಗಿಸಿದ್ದಕ್ಕೆ ನೋಡಿದ್ದರಲ್ಲ, ಅದೇ ನೋಟ. ಆಮೇಲೆ ಕಣ್ಣಲ್ಲಿ ನೀರು ಬಂತು. ವಿನೋದ ಪಟ್ಟಿ ಕಟ್ಟಿದ. ಇದು ಸಂತೋಷದ ಕಣ್ಣೀರು, ಎಂದಿತು ಪಟ್ಟಿ. ನಾನು ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದೆ.

ನಾಲ್ಕು ದಿನ ನಿದ್ದೆಯಿಲ್ಲ. ಐದನೆಯ ದಿನ, ಒಳಪಟ್ಟಿಗೆ ಅನುಮತಿ ಕೊಡುವ ಮಂಡಳಿಗೆ ಹೋಗಿ, ಆ ಉತ್ತರ ಅವರದಲ್ಲ, ನಾನು ಬಾಯಿಗೆ ಹಾಕಿದ್ದು, ಅವರಿಗೆ ಇನ್ನಷ್ಟು ಹೊತ್ತು ಕೊಡಬೇಕಿತ್ತು ಎಂದು ಬರೆದುಕೊಟ್ಟೆ. ಎಷ್ಟು ಹೊತ್ತು ಎಂದರು. ಎರಡು ನಿಮಿಷ ಎಂದೆ. ಅವರು ನಯವಾಗಿ ನಿಯಮ ತೋರಿಸಿದರು: ಹತ್ತು ಸೆಕೆಂಡು ಮೀರಿ ಬಂದದ್ದನ್ನು ಉತ್ತರವೆಂದು ಎಣಿಸುವಂತಿಲ್ಲ. ಯಾಕೆಂದರೆ ಇಡೀ ಹಳೆಯ ಸಂಗ್ರಹದಲ್ಲಿ, ಆರುನೂರು ಥೆರಪಿ ರೆಕಾರ್ಡಿಂಗುಗಳಲ್ಲಿ, ಯಾವ ರೋಗಿಯೂ ಅಷ್ಟು ಹೊತ್ತು ತೆಗೆದುಕೊಂಡದ್ದು ಇಲ್ಲವಂತೆ. ಒದಗುಪಟ್ಟಿ ಮಾತು ಕಲಿತದ್ದೂ ಆ ಸಂಗ್ರಹದಿಂದಲೇ. ನೀವು ಪ್ರಾಕ್ಟಿಕಲ್ ಪರೀಕ್ಷೆಗೆಂದು ಒಪ್ಪಿಸಿದವು, ನಿಮ್ಮ ಹಿಂದಿನವರೂ ಮುಂದಿನವರೂ ಒಪ್ಪಿಸಿದವು.

ನಾನೂ ಮುಬೀನಾಳೂ ಕುರ್ಚಿಗಳನ್ನು ಸರಿಸಿ, ಆ ಸದ್ದಿಲ್ಲದ ಕೋಣೆಯಲ್ಲಿ ಕೂತು, ಕಿವಿಕಾಳು ತೆಗೆದಿಟ್ಟು ಅವನ್ನು ಕೇಳಿದೆವು. ಮೂರು ವಾರ ಹಿಡಿಯಿತು. ಪ್ರಶ್ನೆ, ಉತ್ತರ. ಪ್ರಶ್ನೆ, ಉತ್ತರ. ನಡುವೆ ಸಣ್ಣದೊಂದು ಟಕ್ಕೆಂಬ ಸದ್ದು. ಅದು ನಿಮ್ಮ ಕತ್ತರಿಯ ಗುರುತು ಎಂದು ಮೊದಲು ಹಿಡಿದವಳು ಮುಬೀನಾ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ಆಮೇಲೆ ಇಳಿಯಿತು. ಪರೀಕ್ಷಕರು ಕೊಡುವುದು ಇಪ್ಪತ್ತು ನಿಮಿಷ. ರೋಗಿ ಸುಮ್ಮನೆ ಕೂತರೆ ನಿಮಗೆ ಥೆರಪಿ ಬರುವುದಿಲ್ಲ ಎಂದುಕೊಳ್ಳುತ್ತಾರೆ. ವೈವಾದ ಭಯಕ್ಕೆ ಯಾರು ತಾನೇ ಕತ್ತರಿಸುವುದಿಲ್ಲ? ನೀವು ರೋಗಿಗಾಗಿ ಕಾದದ್ದು ನಿಜ. ಆದರೆ ಕಾದದ್ದನ್ನೆಲ್ಲ ಕತ್ತರಿಸಿ ಎಸೆದಿರಿ. ಉಳಿದದ್ದನ್ನು ಯಂತ್ರಕ್ಕೆ ಕಲಿಸಿದವರು, ಮನುಷ್ಯರು ಹೀಗೇ ಮಾತಾಡುತ್ತಿದ್ದರು ಎಂದು ನಂಬಿದರು.

ಒಂದೇ ಒಂದು ಉಳಿದಿದೆ. ಯಾರೋ ಸೋಮಾರಿಯೋ ಮರೆಗುಳಿಯೋ ಕತ್ತರಿಸದೆ ಒಪ್ಪಿಸಿದ್ದು. ಪ್ರಶ್ನೆಯಾದ ಮೇಲೆ ಐವತ್ತೆರಡು ಸೆಕೆಂಡು ಬರೀ ಫ್ಯಾನು ತಿರುಗುವ ಸದ್ದು. ಫ್ಯಾನು ಪ್ರತಿ ಸುತ್ತಿಗೂ ಕಟಕಟ ಅನ್ನುತ್ತದೆ. ಆಮೇಲೆ ಒಬ್ಬ ಮುದುಕರು, “ಚಾ,” ಎನ್ನುತ್ತಾರೆ. ಮುಬೀನಾ ಅತ್ತಳು. ನನಗೂ ಕಣ್ಣು ತುಂಬಿತು.

ಮರುದಿನ ಅಕ್ಕೋರ ಮನೆಗೆ ಹೋದೆವು. ವಿನೋದನನ್ನು ಒಪ್ಪಿಸಿ ಪಟ್ಟಿ ಬಿಚ್ಚಿದೆವು. ಮುಬೀನಾ ರೆಕಾರ್ಡಿಂಗ್ ಶುರು ಮಾಡಿದಳು. “ಅಕ್ಕೋರ, ಒಳಪಟ್ಟಿ ಬೇಕೇನ್ರೀ?” ಎಂದು ಕೇಳಿ ನಾನು ಬಾಯಿ ಮುಚ್ಚಿದೆ. ನೂರಾ ಹನ್ನೆರಡರವರೆಗೆ ಎಣಿಸಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

“ಒಲ್ಲೆ,” ಎಂದರು.

ನನ್ನ ಕಟ್ಟೆ ಒಡೆಯಿತು. ಅಕ್ಕೋರ ತಪ್ಪಾತ್ರೀ, ಅವತ್ತು ನಾನು, ಎಂದು ಬಡಬಡಿಸತೊಡಗಿದೆ. ಅವರು ಎಡಗೈ ಚಾಚಿ, ಮೊಣಕಾಲ ಮೇಲೆ ಇನ್ನೂ ತಟ್ಟುತ್ತಲೇ ಇದ್ದ ನನ್ನ ಬೆರಳುಗಳನ್ನು ಹಿಡಿದು ನಿಲ್ಲಿಸಿದರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ, “ತಡಿ,” ಎಂದರು.

ಮಂಡಳಿಯವರು ಆ ಮುದುಕರದೂ ಅಕ್ಕೋರದೂ ಎರಡೂ ರೆಕಾರ್ಡಿಂಗ್ ಕೇಳಿದರು. ಎರಡರಿಂದ ನಿಯಮ ಬದಲಾಗದು, ಇಂಥವು ಇನ್ನಷ್ಟು ಇದ್ದರೆ ತನ್ನಿ ಎಂದು ಆಪರೇಷನ್ನನ್ನು ಆರು ತಿಂಗಳು ಮುಂದೂಡಿದರು. ಅದರಲ್ಲಿ ಐದು ಮುಗಿದಿವೆ. ಇನ್ನಷ್ಟು ಎಲ್ಲಿಂದ ತರಲಿ? ಇರುವವರೆಲ್ಲರ ಕೊರಳಲ್ಲೂ ಪಟ್ಟಿ ಇದೆ, ಬಿಚ್ಚಲು ಯಾರೂ ಒಪ್ಪುವುದಿಲ್ಲ. ಇದ್ದದ್ದು ನಿಮ್ಮ ಹತ್ತಿರ ಮಾತ್ರ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮುಂದಿನ ವಾರ ನೀವು ರೆಕಾರ್ಡಿಂಗ್ ಒಪ್ಪಿಸುವಾಗ ಕತ್ತರಿ ಹಾಕಬೇಡಿ. ಪರೀಕ್ಷಕರು ಗೊಣಗಿದರೆ ಗೊಣಗಲಿ, ನಾಲ್ಕು ಅಂಕ ಹೋದರೆ ಹೋಗಲಿ. ನಿಮ್ಮ ಎದುರು ಕೂತವರು ಎಷ್ಟು ಹೊತ್ತು ತೆಗೆದುಕೊಂಡರೋ ಅಷ್ಟನ್ನೂ ಹಾಗೇ ಬಿಟ್ಟು ಒಪ್ಪಿಸಿ. ನೀವು ಅಲ್ಲಿ ಬಿಟ್ಟದ್ದು ಇಲ್ಲಿಯ ಸಂಗ್ರಹದಲ್ಲೂ ಉಳಿದಿರುತ್ತದೆ, ಮಂಡಳಿಗೆ ಕೇಳಿಸಬಹುದು.

ಈ ಕಾಗದವನ್ನು ಈಗ ಪೆಟ್ಟಿಗೆಗೆ ಹಾಕುತ್ತೇನೆ. ನಾಳೆ ಬೆಳಿಗ್ಗೆ ಆ ಕೋಣೆಗೆ ಹೋಗಿ, ಮೊದಲನೆಯ ರೆಕಾರ್ಡಿಂಗಿನಿಂದ ಮತ್ತೆ ಕೇಳಲು ಕೂರುತ್ತೇನೆ. ನನಗೆ ನಿಮ್ಮ ಫ್ಯಾನಿನ ಸದ್ದು ಕೇಳಿಸಬೇಕು.

ನಿಮ್ಮ
ಈರಣ್ಣ ಕರಡಿಗುಡ್ಡ