ನಿನ್ನ ಗುಂಡಿಯಲ್ಲಿ ಎರೆಹುಳು ಇರಲಿಲ್ಲ

ಅಪ್ಪಯ್ಯ,

ನಿನ್ನ ಮಗಳು ಗೌರಿ ಬರೆಯುತ್ತಿದ್ದೇನೆ. ನೀನಿದ್ದಾಗ ನಿನಗೆ ಒಂದು ಕಾಗದವನ್ನೂ ಬರೆದವಳಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಯಾರಾದರೂ ಕಾಗದ ಬರೆಯುತ್ತಾರಾ? ಗಂಡನನ್ನೇ ಮನೆಗೆ ತಂದುಕೊಂಡವಳು ನಾನು. ಹೇಳಬೇಕಾದ್ದನ್ನೆಲ್ಲ ಎದುರಿಗೇ ಹೇಳಿ, ಜಗಳ ಆಡಿ, ಮುನಿಸಿಕೊಂಡು ಊಟ ಬಿಟ್ಟು, ಕೊನೆಗೆ ನೀನೇ ಬಂದು ಕರೆದು... ಈಗ ಕರೆಯುವವರಿಲ್ಲ. ನಿನಗೆ ತಿಳಿಸಲೇಬೇಕಾದ ಸುದ್ದಿಯೊಂದಿದೆ. ಅದಕ್ಕೂ ಮೊದಲು ನಮ್ಮ ಹೊಲದ ಮಣ್ಣಿನ ವಿಚಾರ ಹೇಳಬೇಕು. ಸಿಟ್ಟು ಮಾಡಿಕೊಳ್ಳಬೇಡ.

ತಾತ ತೀರಿಕೊಂಡ ದಿನ ನೆನಪಿದೆಯಾ? ನಮ್ಮವರ ಪದ್ಧತಿಯಂತೆ ಹೊಲದ ಮೂಲೆಯಲ್ಲೇ, ಹೊಂಗೆ ಮರದ ಪಕ್ಕ, ನೀನು ಸಮಾಧಿಗೆ ಗುಂಡಿ ತೆಗೆಸಿದೆ. ಮಳೆಗಾಲ. ನಾನಿನ್ನೂ ಲಂಗ ಹಾಕುವ ಹುಡುಗಿ. ಮೇಲೆ ಬಂದ ಮಣ್ಣು ಕಪ್ಪಗೆ, ಉದುರುದುರಾಗಿ, ಕೈಗೆ ತಣ್ಣಗೆ ಹತ್ತುತ್ತಿತ್ತು. ಅದರ ತುಂಬ ಎರೆಹುಳು. ಗುದ್ದಲಿಗೆ ಸಿಕ್ಕಿ ಸತ್ತುಹೋದಾವು ಎಂದು ನಾನು ಅವನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ಬದುವಿಗೆ ಬಿಡುತ್ತಿದ್ದೆ. ಎಲ್ಲರೂ ಅಳುತ್ತಿದ್ದರೆ ನನ್ನದು ಈ ಕೆಲಸ. ಬೈಯುತ್ತೀಯ ಅಂದುಕೊಂಡೆ. ನೀನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಬುಡವ್ವ, ಅವು ಅಲ್ಲೇ ಇರ್ಲಿ. ಇನ್ಮ್ಯಾಲೆ ತಾತುನ್ನ ನೋಡ್ಕಳಾವು ಅವೇ ತಾನೆ" ಅಂದೆ. ನಿನ್ನ ಕಣ್ಣು ಕೆಂಪಾಗಿತ್ತು.

ಮೊದಲ ಸಲ ಯೂರಿಯಾ ಎರಚಿ ಬಂದ ಸಂಜೆ ನಿನ್ನ ಮುಖ ನೋಡಬೇಕಿತ್ತು! ಜೋಳ, ಹುರುಳಿ ಎಲ್ಲ ಬಿಟ್ಟು ನೀನು ಕಬ್ಬು ಹಾಕಿದ್ದೆ. ಕುಂತೂರಿನ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಕಬ್ಬಿನ ಟ್ರಾಕ್ಟರುಗಳನ್ನು ಕಂಡರೆ ನಿನಗೆ ತೇರು ಕಂಡಷ್ಟು ಸಡಗರ. ಪಂಚೆಯ ಮಡಿಲಲ್ಲಿ ಆ ಬಿಳಿ ಕಾಳು ತುಂಬಿಕೊಂಡು, ಮದುವೆ ಮನೆಯಲ್ಲಿ ಅಕ್ಷತೆ ಹಾಕುವ ಹಾಗೆ ಎರಚುತ್ತಿದ್ದೆ. "ನಾಕ್ ದಿನ ತಡ್ಕ ಗೌರಿ, ಎಂಗ್ ಎದ್ದು ನಿಲ್ತದೆ ನೋಡು ಕಣವ್ವ." ಸುಳ್ಳೇಕೆ ಹೇಳಲಿ, ಎದ್ದು ನಿಂತಿತು. ಗರಿ ಕಪ್ಪಿಗೆ ತಿರುಗುವಷ್ಟು ಹಸಿರು. ನನ್ನ ಮದುವೆಯ ಊಟ ಆ ಕಬ್ಬಿನ ದುಡ್ಡಿನದೇ. ಹಾಗಾಗಿ ಯೂರಿಯಾವನ್ನು ವಿಷ ಅನ್ನುವವರ ಜೊತೆ ನಾನು ಇವತ್ತಿಗೂ ಸೇರುವುದಿಲ್ಲ.

ಆದರೆ ಆ ದೀಪಾವಳಿ... ದನಗಳನ್ನು ಮಾರಿ ಆಗಿತ್ತು. "ಮೂಟೇಲಿ ಗೊಬ್ರ ಬತ್ತದೆ, ದನ ಮೇಯ್ಸದ್ಯಾಕೆ?" ಅಂದಿದ್ದೆ ನೀನು. ಅವ್ವ ಎಂದಿನಂತೆ ತಿಪ್ಪೆಗೆ ದೀಪ ಇಡಲು ಹೋದಳು. ತಿಪ್ಪೆಯೇ ಇಲ್ಲ. ಖಾಲಿ ಗುಂಡಿಯ ದಡದಲ್ಲಿ ದೀಪ ಇಟ್ಟು ಬಂದು ಮುದ್ದೆ ತೊಳಸಿದಳು. ಕಬ್ಬು ಕಡಿದ ಮೇಲೆ ಉಳಿದ ತರಗಿಗೆ ನೀನು ಪ್ರತಿ ವರ್ಷ ಬೆಂಕಿ ಹಾಕುತ್ತಿದ್ದೆ. ಎರೆಹುಳುವಿಗೂ ಹೊಟ್ಟೆ ಇದೆಯಲ್ಲ ಅಪ್ಪಯ್ಯ? ಒಣಗಿದ ಎಲೆ, ಸಗಣಿ, ಕೊಳೆತ ಬೇರು, ಅದರ ಊಟ ಅದೇ. ನಾವು ಅದನ್ನು ಸುಟ್ಟು, ಪೈರಿಗೆ ಮಾತ್ರ ಬಡಿಸಿದೆವು. ಮಣ್ಣು ಉಪವಾಸ ಇತ್ತು.

ಒಂದು ಮುಂಗಾರಿನ ಗಾಳಿಗೆ ಕಬ್ಬೆಲ್ಲ ಮಲಗಿಬಿಟ್ಟಿದ್ದು ಮರೆತಿಲ್ಲ ತಾನೇ? ಕಿತ್ತು ನೋಡಿದರೆ ಬೇರು ಗೇಣುದ್ದವೂ ಇಳಿದಿರಲಿಲ್ಲ. ಕೆಳಗಿನ ಮಣ್ಣು ಗಾರೆ ಹಾಕಿದಂತೆ ಬಿಗಿದಿತ್ತು. ಕಾಲುವೆ ನೀರು ನಿಂತಲ್ಲೇ ನಿಂತು, ಆರಿದ ಮೇಲೆ ನೆಲದ ಮೇಲೆ ಬೆಳ್ಳಗೆ ಉಪ್ಪಿನ ಚೌಳು ಏಳುತ್ತಿತ್ತು. ಪೈರು ಹಳದಿಯಾದಷ್ಟೂ ನೀನು ಇನ್ನೊಂದು ಮೂಟೆ ತರುತ್ತಿದ್ದೆ. "ಸಾಕು ಬುಡಿ, ಅದ್ರ ಬಾಯಿ ಒಣಗೋಗದೆ" ಅಂದಳು ಅವ್ವ. "ನಿಂಗೇನ್ ಗೊತ್ತಾದ್ದು, ಸುಮ್ಕಿರು" ಅಂದೆ. ಅವ್ವ ಸುಮ್ಮನಾದಳು. ಸುಮ್ಮನಾಗದೆ ಇದ್ದಿದ್ದರೆ?

ನಿನ್ನ ಗುಂಡಿ ತೆಗೆದ ದಿನದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎದೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತವನು ಏಳಲೇ ಇಲ್ಲ ನೀನು. ತಾತನ ಪಕ್ಕದಲ್ಲೇ ಜಾಗ ಗುರುತು ಮಾಡಿದೆವು. ಅದೂ ಮಳೆಗಾಲವೇ. ಗುದ್ದಲಿ ಇಳಿಯಲಿಲ್ಲ, ಪಿಕಾಸಿ ತರಿಸಬೇಕಾಯಿತು. ಹೆಂಟೆ ಹೆಂಟೆಯಾಗಿ, ಬೂದುಬಣ್ಣದ ಮಣ್ಣು ಬಂತು. ಅವ್ವ ದಡದಲ್ಲಿ ಕೂತು ಒಂದೊಂದೇ ಹೆಂಟೆ ಒಡೆದು ನೋಡುತ್ತಿದ್ದಳು. ಅವಳಿಗೆ ಏನಾಯಿತೆಂದು ಹೆಂಗಸರು ಗಾಬರಿಯಾದರು. ಅವಳೇನು ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಒಂದೂ ಸಿಗಲಿಲ್ಲ ಅಪ್ಪಯ್ಯ.

ನಿನ್ನನ್ನು ಗುಂಡಿಯಲ್ಲಿ ಕೂರಿಸಿ, ಪೂಜೆಯ ಅಯ್ನೋರು ವಿಭೂತಿ ಪತ್ರೆ ಹಾಕಿದ ಮೇಲೆ, ಪದ್ಧತಿಯಂತೆ ಒಳಗೆ ಸುರಿಯಲು ಯಾರೋ ಉಪ್ಪಿನ ಚೀಲ ಬಿಚ್ಚಿದರು. ಅವ್ವ ಅವರ ಕೈ ಹಿಡಿದುಕೊಂಡಳು. "ಇರ ಉಪ್ಪು ಸಾಲ್ದಾ ಈ ಮಣ್ಗೆ?" ಆಮೇಲೆ ನನ್ನ ಕಡೆ ತಿರುಗಿ, ಎಲ್ಲರೂ ಕೇಳುವಂತೆ ಹೇಳಿದಳು: "ನನ್ನ ಇಲ್ಲಿ ಮಡಗ್ಬ್ಯಾಡ ಕಣವ್ವ. ಒಂದು ಎರೆಹುಳನಾರ ಇಲ್ದಿರ ಜಾಗ. ಸತ್ತೋರ್ನ ಯಾರ್ ಕರಗುಸ್ಬೇಕು ಇಲ್ಲಿ? ಊರ್ ಗೋಮಾಳ್ದಲ್ಲೇ ಮಡಗು." ಜೊತೆಯಲ್ಲೇ ಬಾಳಿದವಳು, ನಿನ್ನ ಪಕ್ಕ ಬೇಡ ಅಂದಳು. ಅವತ್ತು ನಿನ್ನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಸತ್ತವನ ಮೇಲೆ ಕೋಪ ಬಂದರೆ ಎಲ್ಲಿ ಹಾಕುವುದು?

ಮಣ್ಣಿಗೇ ಹಾಕಿದೆ. ಮಾರನೆ ವರ್ಷ ಆ ಮೂಲೆಗೆ ಕಬ್ಬು ಹಾಕಗೊಡಲಿಲ್ಲ. ನೀರು ಬಸಿದು ಹೋಗಲಿ ಅಂತ ನಿನ್ನ ಅಳಿಯನ ಕೈಲಿ ಕಾಲುವೆ ತೋಡಿಸಿದೆ. ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೇ ಸೇರಿಸಿದೆ. ಉಳಿದ ಹೊಲದ ಕಬ್ಬಿನ ತರಗನ್ನು ಸುಡದೆ ತಂದು ಹರವಿದೆ. ಶಾಗ್ಯದ ಕಡೆಯ ಕುರಿಯವರನ್ನು ಕರೆಸಿ, ಹೊಲದಲ್ಲಿ ಮಂದೆ ನಿಲ್ಲಿಸಿದೆ. ನೀನಿದ್ದಿದ್ದರೆ, "ಕುರಿ ಹಿಕ್ಕೆ ನಂಬ್ಕಂಡು ಬೇಸಾಯ ಮಾಡೀಯಾ?" ಅಂತ ನಗುತ್ತಿದ್ದೆ. ನಗು. ಪೈರು ತೀರಾ ಸೋತಾಗ ಒಂದು ಹಿಡಿ ಯೂರಿಯಾ ನಾನೂ ಹಾಕಿದ್ದೇನೆ, ಅದನ್ನೂ ಕೇಳಿಸಿಕೋ. ಅವ್ವ ಆಗಾಗ ಬಂದು, ಕುಡುಗೋಲಿನ ತುದಿಯಲ್ಲಿ ಕೆರೆದು ನೋಡಿ ಎದ್ದು ಹೋಗುತ್ತಿದ್ದಳು. "ಹುಳ ಬಂತೇನವ್ವ?" ಅಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು.

ಅವಳು ಹಾಸಿಗೆ ಹಿಡಿದ ಮೇಲೆ ನಿನ್ನ ಅಳಿಯ ಒಂದು ಕಿತಾಪತಿ ಮಾಡಿದ. ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಮಣ್ಣು, ಅದರಲ್ಲಿ ಹುಳು. "ಅತ್ತೆಮ್ಮ, ನಮ್ ಒಲ್ದಲ್ ಸಿಕ್ತು ನೋಡಿ." ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಬಚ್ಚಲ ಮೋರೀದು ಕಣಪ್ಪ ಇದು. ಎಲ್ಲಿಂದ ತಂದ್ಯೋ ಅಲ್ಲೇ ಬುಟ್ಬುಡು, ಪಾಪ." ಅವನ ಮುಖ ಇಷ್ಟೇ ಇಷ್ಟಾಯಿತು. ಅವ್ವ ಬಹಳ ದಿನದ ಮೇಲೆ ನಕ್ಕಳು. ಆ ನಗುವಿನಲ್ಲೂ, ಸರಿ, ನನ್ನ ಅಲ್ಲೇ ಮಡಗಿ ಅನ್ನುವ ಮಾತು ಬರಲಿಲ್ಲ.

ಇದೇ ಸುದ್ದಿ ಅಪ್ಪಯ್ಯ. ಹೋದ ತಿಂಗಳು ಅವ್ವ ಹೋದಳು. "ಮಾದಪ್ಪಾ" ಎಂದು ದೇವರನ್ನು ಕರೆದಳು, ಅಷ್ಟೇ. ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹೊಲಕ್ಕೆ ಹೋದೆ. ನಿನ್ನ ಪಕ್ಕದಲ್ಲಿ ಅಗೆಯಲು ಹೇಳಿ, ದಡದಲ್ಲಿ ಅವಳು ಕೂತ ಹಾಗೆಯೇ ಕೂತೆ. ಹುಳು ಕಾಣದಿದ್ದರೆ ಗೋಮಾಳವೇ ಎಂದು ಗಟ್ಟಿ ಮಾಡಿಕೊಂಡಿದ್ದೆ. "ಅಲ್ಲಿ ಅಯ್ನೋರು ಕಾಯ್ತಾವ್ರೆ, ಇವ್ಳು ಉಳ ಉಡಿಕ್ತಾ ಕೂತವ್ಳೆ" ಅಂತ ನೆಂಟರು ಗೊಣಗಿದರು. ಗೊಣಗಲಿ. ಪಿಕಾಸಿ ಬೇಕಾಗಲಿಲ್ಲ. ಗುದ್ದಲಿ ಇಳಿಯಿತು. ಮೊಣಕಾಲುದ್ದ ಹೋಗುವ ಹೊತ್ತಿಗೆ ಒಂದು ಬಂತು. ಬಚ್ಚಲ ಮೋರಿಯ ಕೆಂಪು ಹುಳು ಅಲ್ಲ. ತಾತನ ಗುಂಡಿಯಿಂದ ನಾನು ಎಲೆಯ ಮೇಲೆ ಎತ್ತಿಕೊಂಡ ಜಾತಿಯದೇ, ಬೂದು ಬಣ್ಣದ್ದು. ಗುದ್ದಲಿಗೆ ಸಿಕ್ಕಿ ಎರಡು ತುಂಡಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಷ್ಟು ನಾನು ಅವ್ವನಿಗೂ ಅತ್ತಿರಲಿಲ್ಲ. ಕೆಳಗೆ ಇನ್ನೊಂದಿತ್ತು, ಇಡಿಯಾಗಿ.

ಉಳಿದ ಹೊಲ ಇನ್ನೂ ಬೆಳ್ಳಗೇ ಇದೆ. ನನ್ನ ಆಯಸ್ಸಿನಲ್ಲಿ ಅದೆಲ್ಲ ಕಪ್ಪಾಗುವ ನಂಬಿಕೆ ನನಗಿಲ್ಲ. ಮೂಲೆಯಿಂದ ಮೂಲೆಗೆ ಹೋಗುತ್ತೇನೆ, ಆದಷ್ಟು.

ಅವ್ವ ಈಗ ನಿನ್ನ ಪಕ್ಕದಲ್ಲಿದ್ದಾಳೆ. ಬೇಡ ಎಂದೇ ಹೋದವಳು, ಹುಳು ಬಂದದ್ದು ಅವಳಿಗೆ ಗೊತ್ತಿಲ್ಲ. ನನ್ನ ಮೇಲೆ ಮುನಿಸಿಕೊಂಡು ಕೂತಿರುತ್ತಾಳೆ. ನೀನೇ ಅವಳಿಗೆ ಹೇಳು, ಅಪ್ಪಯ್ಯ. ಈ ಸಲ ಅವಳನ್ನು ಸುಮ್ಕಿರು ಅನ್ನಬೇಡ.

ನಿನ್ನ
ಗೌರಿ